ಹಾರ್ಮೋನಿಯಂನ ದೊಡ್ಡಮ್ಮ

ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವುದನ್ನು ನೀವು ನೋಡಿದ್ದೀರಿ ಅಲ್ವೇ? ಒಂದು ಕೈ ಬಿಳಿ, ಕರಿ ಮನೆಗಳನ್ನು ಒತ್ತುತ್ತೆ. ಇನ್ನೊಂದು ಕೈ ತಿದಿ ಆಡಿಸುತ್ತೆ. ತಿದಿ ನಿಂತರೆ ಹಾಡೂ ನಿಂತಿತು. ಗಾಳಿಯೇ ಅದರ ಉಸಿರು.

ಈ ಹಾರ್ಮೋನಿಯಂಗೆ ಒಬ್ಬಳು ದೊಡ್ಡಮ್ಮ ಇದ್ದಾಳೆ. ಹೆಸರು ಪೈಪ್ ಆರ್ಗನ್. ಪೈಪ್ ಅಂದರೆ ಕೊಳವೆ. ನಮ್ಮ ಶಿವಮೊಗ್ಗ, ಭದ್ರಾವತಿಯಿಂದ ರೈಲು ಹತ್ತಿದರೆ ಬೆಂಗಳೂರು. ಅಲ್ಲಿ ಕಬ್ಬನ್ ರಸ್ತೆಯಲ್ಲಿ ಸಂತ ಆಂಡ್ರೂಸ್ ಚರ್ಚ್ ಇದೆ. ಅಲ್ಲಿನ ಆರ್ಗನ್ 1881ರದು. ಮಾಡಿದ್ದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನಲ್ಲಿ.

ಆರ್ಗನ್ ಕಚೇರಿಗೆ ಹೋದರೆ ಮೊದಲು ಕಾಣುವುದು ಕೊಳವೆಗಳ ಸಾಲು. ನುಡಿಸುವವರು ಎಷ್ಟೋ ಕಡೆ ನಮಗೆ ಬೆನ್ನು ಹಾಕಿ ಕೂತಿರುತ್ತಾರೆ. ಕೈ ಎರಡೂ ಮೇಲೆ ಓಡಾಡುತ್ತವೆ. ಕೆಳಗೆ ಕಾಲಿಗೂ ಮರದ ಮನೆಗಳಿವೆ. ಕಾಲೂ ಸ್ವರ ನುಡಿಸುತ್ತೆ! ಹೊಲಿಗೆ ಯಂತ್ರ ತುಳಿದವರಿಗೆ ಕೈಕಾಲು ಒಟ್ಟಿಗೆ ದುಡಿಸುವುದು ಗೊತ್ತು. ಇದು ಅದಕ್ಕಿಂತ ಕಷ್ಟ. ಕಾಲು ನೋಡದೆಯೇ ಸರಿಯಾದ ಸ್ವರ ಹುಡುಕಬೇಕು.

ಕೊಳಲಿನಲ್ಲಿ ಒಂದೇ ಕೊಳವೆ. ಬೆರಳು ಎತ್ತಿದರೆ, ಮುಚ್ಚಿದರೆ ಸ್ವರ ಬದಲಾಗುತ್ತೆ. ಆರ್ಗನ್ನಿನಲ್ಲಿ ಒಂದು ಕೊಳವೆಗೆ ಒಂದೇ ಸ್ವರ. ಅದಕ್ಕೇ ನೂರಾರು ಕೊಳವೆ ಬೇಕು. ಉದ್ದದ ಕೊಳವೆಯದು ದಪ್ಪ ದನಿ. ಗಿಡ್ಡ ಕೊಳವೆಯದು ಸಣ್ಣ ದನಿ. ಯಾಕೆ ಹೀಗೆ? ನಲ್ಲಿ ಕೆಳಗೆ ಕೊಡ ಇಟ್ಟು ಕಿವಿಗೊಡಿ. ಖಾಲಿ ಕೊಡದ ಸದ್ದು ದಪ್ಪ. ನೀರು ಏರಿದಂತೆ ಒಳಗಿನ ಗಾಳಿಗೆ ಜಾಗ ಕಡಿಮೆ. ಆಗ ಸದ್ದು ಸಣ್ಣಗಾಗುತ್ತಾ ಹೋಗುತ್ತೆ. ಕೊಡ ತುಂಬಿತೆಂದು ನಮಗೆ ನೋಡದೆಯೇ ಗೊತ್ತಾಗುತ್ತಲ್ಲ, ಅದೇ ಲೆಕ್ಕ. ದೊಡ್ಡ ಆರ್ಗನ್ನಿನಲ್ಲಿ 16 ಅಡಿ ಉದ್ದದ ಕೊಳವೆಯೂ ಇರುತ್ತೆ. ಅದು ನುಡಿದರೆ ಕೂತ ಬೆಂಚೂ ನಡುಗಿದ ಹಾಗೆ ಅನ್ನಿಸುತ್ತೆ.

ಇಷ್ಟೊಂದು ಕೊಳವೆಗೆ ಊದುವವರು ಯಾರು? ಕುಲುಮೆಗೆ ಗಾಳಿ ಹಾಕುವ ತಿದಿ ಗೊತ್ತಲ್ಲ. 1923ರಲ್ಲಿ ಹೊತ್ತಿದ ಭದ್ರಾವತಿಯ ಊದುಕುಲುಮೆಗೂ ಗಾಳಿಯೇ ಬೇಕಾಗಿತ್ತು. ಆರ್ಗನ್ನಿಗೂ ದೊಡ್ಡ ತಿದಿ ಇದೆ. ಈಗ ಕರೆಂಟಿನ ಮೋಟಾರು ಗಾಳಿ ತುಂಬುತ್ತೆ. ಹಿಂದೆ ಮರೆಯಲ್ಲಿ ನಿಂತು ಆಳುಗಳು ತಿದಿ ಒತ್ತುತ್ತಿದ್ದರು. ಅವರು ಕೈ ಬಿಟ್ಟರೆ ಎಂಥ ವಿದ್ವಾಂಸರಿಗೂ ಒಂದು ಸ್ವರ ಹೊರಡದು. ಚಪ್ಪಾಳೆ ಮಾತ್ರ ಮುಂದೆ ಕೂತವರಿಗೆ. ಮದುವೆ ಮನೆಯಲ್ಲಿ ಒಲೆ ಮುಂದೆ ಬೆವರಿದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಈ ವಾದ್ಯ ಹುಟ್ಟಿ 2,200 ವರ್ಷ ದಾಟಿತು. ಈಜಿಪ್ಟಿನ ಅಲೆಕ್ಸಾಂಡ್ರಿಯ ಊರಿನಲ್ಲಿ ಕ್ಟೆಸಿಬಿಯಸ್ ಎಂಬಾತ ಮೊದಲ ಆರ್ಗನ್ ಮಾಡಿದ. ನೀರಿನ ಭಾರದಿಂದ ಗಾಳಿಯನ್ನು ಹದವಾಗಿ ಒತ್ತುವ ಉಪಾಯ ಅವನದು. ನುಡಿಸುವುದನ್ನು ಯಾರಿಗೆ ಕಲಿಸಿದ ಗೊತ್ತೇ? ಹೆಂಡತಿ ಥಾಯಿಸ್‌ಗೆ. ಹಾಗೆಂದು ಹಳೆಯ ಗ್ರೀಕ್ ಪುಸ್ತಕದಲ್ಲಿ ಬರೆದಿದೆ.

ಎಂದಾದರೂ ಆರ್ಗನ್ ಕೇಳಲು ಹೋದರೆ ಮುಗಿದ ಕೂಡಲೇ ಚಪ್ಪಾಳೆ ತಟ್ಟಬೇಡಿ. ಸ್ವಲ್ಪ ತಾಳಿ. ನುಡಿಸಿದ ಕೈ ಎತ್ತಿದ ಮೇಲೂ ಎತ್ತರದ ಮಾಡಿನ ಕೆಳಗೆ ಆ ದನಿ ಒಂದು ಗಳಿಗೆ ಸುತ್ತುತ್ತಾ ಇರುತ್ತೆ.