ಠಾಣೆಯಲ್ಲಿ ಆಡುವ ಮಾತು

ಹೋಟೆಲಿನ ಗಲ್ಲೆಯಲ್ಲಿ ಹಣ ಕಡಿಮೆಯಾದರೆ ಠಾಣೆಯ ಮೆಟ್ಟಲೇರಬೇಕಾದವನು ಮಾಣಿ, ಕಚೇರಿಯಲ್ಲಾದರೆ ಗುಮಾಸ್ತ. ಪರಭಾಷೆಯ ತೊಡಕಿನಲ್ಲಿ, ಭಯದಿಂದ ಆಡಿದ ಮಾತು ಸಾಕ್ಷಿಯನ್ನೇ ಆರೋಪಿಯಾಗಿಸಬಲ್ಲದು. ಆದುದರಿಂದ ಕಾನೂನಿತ್ತ ರಕ್ಷೆಯನ್ನು ನಾವು ಅರಿತಿರಬೇಕು.

ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ನುಡಿಯುವಂತೆ ಬಲಾತ್ಕರಿಸಕೂಡದೆಂದು ಸಂವಿಧಾನದ 20(3)ನೆಯ ವಿಧಿ ಸಾರುತ್ತದೆ. ಈ ರಕ್ಷೆ ಪೊಲೀಸ್ ವಿಚಾರಣೆಗೂ ಸಲ್ಲುವುದೆಂದು 1978ರಲ್ಲಿ ನಂದಿನಿ ಸತ್ಪಥಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಸಾಕ್ಷಿಯನ್ನು ಲಿಖಿತ ಆಜ್ಞೆಯಿಂದ ಕರೆಯಿಸಬೇಕು. ತನಿಖೆಯಲ್ಲಿ ಕೊಟ್ಟ ಹೇಳಿಕೆಗೆ ಸಹಿ ಹಾಕಿಸಕೂಡದು. ಆದರೆ ಸುಳ್ಳಾಡುವ ಹಕ್ಕು ಯಾರಿಗೂ ಇಲ್ಲ.

ಪತ್ರಿಕೆಯ ಬಾತ್ಮೀದಾರನಲ್ಲಿ ಆಡಿದ ಮಾತಿಗಾದರೋ ಇಂಥ ಕಾವಲೂ ಇಲ್ಲ. ಅದು ನ್ಯಾಯಾಲಯದಲ್ಲಿ ನಮ್ಮ ವಿರುದ್ಧವೇ ನಿಲ್ಲಬಹುದು. ಬಂಧನವಾದರೆ, ಬಾಂಧವರೇ, ಮೊದಲು ವಕೀಲರನ್ನು ಕೇಳಿರಿ. ಅದು ಸಂವಿಧಾನವಿತ್ತ ಹಕ್ಕು.