ಅನೊಮಲೊಕ್ಯಾರಿಸ್: ಬಿಡಿ ಅವಯವಗಳಿಂದ ಪ್ರಾಣಿಯ ನಿರ್ಣಯ

ಪುರಾತನ ಸಮುದ್ರಗಳ ಜೀವಿಗಳನ್ನು ನಾವು ಬಹುಮಟ್ಟಿಗೆ ಅವುಗಳ ಬಿಡಿ ಅವಯವಗಳಿಂದಲೇ ಅರಿಯಬೇಕಾಗಿದೆ. ಅವಯವವನ್ನೇ ಇಡಿಯ ಪ್ರಾಣಿಯೆಂದು ಭಾವಿಸಿದರೆ ಒದಗುವ ಭ್ರಾಂತಿಗೆ, ಸುಮಾರು 50 ಕೋಟಿ ವರ್ಷಗಳ ಹಿಂದೆ ಕೇಂಬ್ರಿಯನ್ ಸಮುದ್ರದಲ್ಲಿ ಬೇಟೆಯಾಡುತ್ತಿದ್ದ ಅನೊಮಲೊಕ್ಯಾರಿಸ್ ಉತ್ತಮ ನಿದರ್ಶನವಾಗಿದೆ. ಇದು ಸಂಧಿಪದಿಗಳ ಮೂಲವಂಶಕ್ಕೆ ಸೇರಿದ ಲುಪ್ತಪ್ರಾಣಿ.

ಕೆನಡದ ಬ್ರಿಟಿಷ್ ಕೊಲಂಬಿಯ ಪ್ರಾಂತದ ಸ್ಟೀಫನ್ ಪರ್ವತದಲ್ಲಿ ದೊರೆತ, ಮುಳ್ಳುಗಳುಳ್ಳ ಬಾಗಿದ ಪಳೆಯುಳಿಕೆಗಳಿಗೆ ಜೋಸೆಫ್ ವೈಟೀವ್ಸ್ 1892ರಲ್ಲಿ ಈ ಹೆಸರನ್ನಿತ್ತರು. 'ವಿಲಕ್ಷಣ ಸೀಗಡಿ' ಎಂಬುದು ಅದರ ಅರ್ಥ. ಅವನ್ನು ಅವರು ಸೀಗಡಿಯಂಥ ಪ್ರಾಣಿಯ ಒಡಲೆಂದು ಬಗೆದಿದ್ದರು. 1911ರಲ್ಲಿ ಚಾರ್ಲ್ಸ್ ವಾಲ್ಕಾಟರು ಸಮೀಪದ ಬರ್ಜೆಸ್ ಶಿಲಾಪದರಗಳಲ್ಲಿ ಕಂಡ, ನಡುವೆ ರಂಧ್ರವುಳ್ಳ ಚಕ್ರಾಕೃತಿಯೊಂದನ್ನು ಲೋಳೆಮೀನೆಂದು ಎಣಿಸಿ ಪೈಟೋಯಿಯ ಎಂದು ಕರೆದರು; ಚಪ್ಪಟೆಯಾದ ದೇಹವೊಂದಕ್ಕೆ ಲಗ್ಗಾನಿಯ ಎಂದು ಹೆಸರಿಟ್ಟು ಕಡಲಸೌತೆಗಳ ವರ್ಗಕ್ಕೆ ಸೇರಿಸಿದರು. ಹೀಗೆ ಒಂದೇ ಬಗೆಯ ಪ್ರಾಣಿಗಳ ಹಿಡಿಯುವ ಅಂಗ, ಬಾಯಿ, ಒಡಲುಗಳು ಮೂರು ವರ್ಗಗಳಲ್ಲಿ ಹಂಚಿಹೋದುವು.

'ಸೀಗಡಿ'ಯು ವಾಸ್ತವವಾಗಿ ದೊಡ್ಡದೊಂದು ಪ್ರಾಣಿಯ ಅಂಗವೆಂದು ಡೆರೆಕ್ ಬ್ರಿಗ್ಸ್ 1979ರಲ್ಲಿ ವಾದಿಸಿದರು. ಬಳಿಕ ಹ್ಯಾರಿ ವಿಟಿಂಗ್ಟನ್ನರು ಸಂಗ್ರಹದಲ್ಲಿದ್ದ ಮಾದರಿಯೊಂದರ ಮೇಲಣ ಕಲ್ಲಿನ ಪೊರೆಯನ್ನು ಎಚ್ಚರಿಕೆಯಿಂದ ಬಿಡಿಸಿದಾಗ, ಅಂತಹ ಅಂಗಗಳೂ ಚಕ್ರಾಕಾರದ ಬಾಯಿಯೂ ಒಂದೇ ದೇಹದಲ್ಲಿ ಕಂಡುಬಂದುವು. 1985ರಲ್ಲಿ ಈ ಇಬ್ಬರೂ ಪೂರ್ಣ ಪ್ರಾಣಿಯನ್ನು ವರ್ಣಿಸಿದರು.

ಆದರೆ ಒಂದುಗೂಡಿಸುವುದರಲ್ಲಿಯೂ ಅತಿರೇಕಕ್ಕೆ ಎಡೆಯುಂಟು. ಆ ಚಕ್ರಾಕಾರದ ಬಾಯಿ ಪೈಟೋಯಿಯ ಎಂಬ ಸಂಬಂಧಿಯದೆಂದೂ, ಅನೊಮಲೊಕ್ಯಾರಿಸ್ಸಿನ ಬಾಯಿಯ ರಚನೆ ಬೇರೆಯೆಂದೂ 2012ರಲ್ಲಿ ಆಲಿಸನ್ ಡೇಲಿ ಮತ್ತು ಯಾನ್ ಬೆರ್ಗ್‌ಸ್ಟ್ರಾಮ್ ತೋರಿಸಿಕೊಟ್ಟರು. ಬೇಟೆಯ ವಿಷಯದಲ್ಲಿಯೂ ಅಭಿಪ್ರಾಯ ಪರಿಷ್ಕೃತವಾಗಿದೆ. ಆಸ್ಟ್ರೇಲಿಯದ ಕಾಂಗರೂ ದ್ವೀಪದಲ್ಲಿ ದೊರೆತು 2011ರಲ್ಲಿ ವರ್ಣಿತವಾದ ಕಣ್ಣುಗಳಲ್ಲಿ, ಒಂದೊಂದರಲ್ಲಿಯೂ 16,000ಕ್ಕೂ ಹೆಚ್ಚು ಮಸೂರಗಳಿದ್ದುವು. ದೃಷ್ಟಿಯಿಂದ ಬೇಟೆಯನ್ನರಸುವ ಪ್ರಾಣಿ ಇದೆಂಬುದಕ್ಕೆ ಇದು ಬಲವಾದ ಸಾಕ್ಷ್ಯ. ಆದರೆ ಗಟ್ಟಿ ಚಿಪ್ಪಿನ ಟ್ರೈಲೊಬೈಟುಗಳನ್ನು ಇದು ಪುಡಿಗೈಯುತ್ತಿತ್ತೆಂಬ ಹಳೆಯ ಮತಕ್ಕೆ, ಅಂಗಗಳ ಬಲವನ್ನು ಗಣಕದಿಂದ ಪರೀಕ್ಷಿಸಿದ 2023ರ ಅಧ್ಯಯನವು ಬೆಂಬಲವೀಯಲಿಲ್ಲ. ಮೃದುದೇಹದ ಪ್ರಾಣಿಗಳನ್ನು ವೇಗದಿಂದ ಹಿಡಿಯಲು ಆ ಅಂಗಗಳು ಹೆಚ್ಚು ಯೋಗ್ಯವಾಗಿದ್ದುವು.

ಇದರಿಂದ ಪಳೆಯುಳಿಕೆಗಳ ಅಭ್ಯಾಸಿಗಳು ಗ್ರಹಿಸಬೇಕಾದುದು ಇಷ್ಟು: ಹೆಸರು ಹೊತ್ತು ಸಂಗ್ರಹಾಲಯದ ಪೆಟ್ಟಿಗೆಗಳನ್ನು ಸೇರಿದ ಮಾದರಿಗಳನ್ನು ಮತ್ತೆ ಹೊರದೆಗೆದು ನೋಡುವುದು ಹೊಸ ಉತ್ಖನನದಷ್ಟೇ ಫಲಕಾರಿಯಾದ ಸಂಶೋಧನೆ.