ಶಿವನಸಮುದ್ರ: ನೀರು, ಬೆಳಕು ಮತ್ತು ಅತಿಥಿ
ಪ್ರವಾಸೋದ್ಯಮದ ಆರ್ಥಿಕ ಫಲದ ಹಂಚಿಕೆಯನ್ನು ಕುರಿತು ಒಂದು ವಿವೇಚನೆ

ಪೀಠಿಕೆ

ಕಾವೇರಿ ನದಿಯು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಎರಡು ಕವಲಾಗಿ ಒಡೆದು, ನಡುವೆ ಒಂದು ದ್ವೀಪವನ್ನು ನಿರ್ಮಿಸಿ, ಪಶ್ಚಿಮದ ಕವಲಿನಲ್ಲಿ ಗಗನಚುಕ್ಕಿಯಾಗಿಯೂ ಪೂರ್ವದ ಕವಲಿನಲ್ಲಿ ಭರಚುಕ್ಕಿಯಾಗಿಯೂ ಧುಮುಕುತ್ತದೆ. ಈ ಎರಡು ಜಲಪಾತಗಳನ್ನೂ ನಡುವಣ ದ್ವೀಪವನ್ನೂ ಒಟ್ಟಾಗಿ ಶಿವನಸಮುದ್ರವೆಂದು ಕರೆಯುವುದು ರೂಢಿ. ಉಮ್ಮತ್ತೂರಿನ ಪಾಳೆಯಗಾರರ ಕೋಟೆಯಿದ್ದ ಸ್ಥಳವಾಗಿ, ಕೃಷ್ಣದೇವರಾಯನು ತನ್ನ ಆಳ್ವಿಕೆಯ ಆರಂಭದಲ್ಲೇ ದಂಡೆತ್ತಿ ಬಂದ ಸ್ಥಳವಾಗಿ, ಆದಿರಂಗ ಮತ್ತು ಅಂತ್ಯರಂಗಗಳ ನಡುವಣ ಮಧ್ಯರಂಗನ ಕ್ಷೇತ್ರವಾಗಿ ಇದು ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. 1902ರಿಂದ ಈಚೆಗೆ ಜಲವಿದ್ಯುತ್ತಿನ ತವರೆಂಬ ಹಿರಿಮೆಯೂ ಇದಕ್ಕೆ ಸೇರಿತು.

ಪ್ರವಾಸೋದ್ಯಮವು ಒಂದು ಮಹಾನಗರದ ಆರ್ಥಿಕತೆಗೆ ನೀಡುವ ಕೊಡುಗೆಯನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಹೋಟೆಲು ಕೊಠಡಿಗಳು, ಸಾರಿಗೆ, ಉಪಾಹಾರ ಗೃಹಗಳು, ಅವುಗಳಲ್ಲಿ ದೊರೆಯುವ ಉದ್ಯೋಗ ಇವು ಆ ಚರ್ಚೆಯ ಸಾಮಾನ್ಯ ವಿಷಯಗಳು. ಆದರೆ ನಗರದ ಆತಿಥ್ಯೋದ್ಯಮವು ಯಾವ ಊರುಗಳ ನೀರು, ಬೆಳಕು, ನಿಸರ್ಗಗಳ ಮೇಲೆ ನಿಂತಿದೆ, ಆ ಊರುಗಳಿಗೆ ಅದರ ಫಲದಲ್ಲಿ ಎಷ್ಟು ಪಾಲು ಸಲ್ಲುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಶಿವನಸಮುದ್ರವನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಗರಕ್ಕೆ ಹರಿದ ಬೆಳಕು ಮತ್ತು ನೀರು

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರ ಯೋಜನೆಯಿಂದ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೋಮೀಟರ್ ಉದ್ದದ ಆ ತಂತಿಮಾರ್ಗವು ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದೀರ್ಘವಾದವುಗಳ ಸಾಲಿಗೆ ಸೇರಿತ್ತು. ಯಂತ್ರಭಾಗಗಳನ್ನು ಮದ್ದೂರು ರೈಲು ನಿಲ್ದಾಣದಲ್ಲಿ ಇಳಿಸಿ, ಅಲ್ಲಿಂದ ಗಾಡಿಗಳ ಮೇಲೆ, ಆನೆಗಳ ನೆರವಿನಿಂದ ನದಿಯ ದಂಡೆಗೆ ಸಾಗಿಸಲಾಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರು ನಗರದ ಬೀದಿಗಳು ಈ ವಿದ್ಯುತ್ತಿನಿಂದ ಬೆಳಗಿದವು. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಶೇಷಾದ್ರಿ ಅಯ್ಯರ್ ಅವರ ಹೆಸರನ್ನೇ ಹೊತ್ತಿರುವ, 42 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವು ಉಳಿದುಕೊಂಡಿದೆ.

ವಿದ್ಯುತ್ತಿನ ನಂತರ ನೀರಿನ ಸರದಿ ಬಂದಿತು. ಬೆಂಗಳೂರಿಗೆ ಕಾವೇರಿ ಕುಡಿಯುವ ನೀರಿನ ಮೊದಲ ಹಂತದ ಯೋಜನೆ 1974ರಲ್ಲಿ ಕಾರ್ಯಾರಂಭ ಮಾಡಿತು. ಶಿವನಸಮುದ್ರದ ಬಳಿಯ ಶಿವ ಅಣೆಕಟ್ಟೆಯಿಂದ ತಿರುಗಿಸಿದ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯನ್ನು ಸೇರಿ, ಅಲ್ಲಿ ಶುದ್ಧೀಕರಣಗೊಂಡು, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಮತ್ತೆ ಪಂಪ್ ಆಗಿ, ಸುಮಾರು 100 ಕಿಲೋಮೀಟರ್ ದೂರ ಹಾಗೂ 500 ಮೀಟರ್‌ನಷ್ಟು ಎತ್ತರವನ್ನು ಏರಿ ನಗರವನ್ನು ತಲುಪುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತವು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯವುಳ್ಳದ್ದು. ಎಲ್ಲ ಹಂತಗಳೂ ಸೇರಿದರೆ ಈ ಸಾಮರ್ಥ್ಯವು ದಿನಕ್ಕೆ 222.5 ಕೋಟಿ ಲೀಟರ್ ಆಗುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ವಿದ್ಯುದಾಗಾರಕ್ಕೆ ತಿರುಗಿಸಿದ ನೀರು ಯಂತ್ರಗಳನ್ನು ತಿರುಗಿಸಿ ಜಲಪಾತದ ಕೆಳಗೆ ಮತ್ತೆ ನದಿಯನ್ನೇ ಸೇರುತ್ತದೆ. ಜಲಪಾತದ ಮೈ ತುಸು ಬಡವಾದರೂ ನದಿಗೆ ನಷ್ಟವಿಲ್ಲ. ನಗರಕ್ಕೆ ಏರಿದ ನೀರು ಮಾತ್ರ ಈ ದಂಡೆಗೆ ಮರಳುವುದಿಲ್ಲ. ಬೆಂಗಳೂರಿನ ಹೋಟೆಲು, ವಸತಿಗೃಹ, ಛತ್ರ, ಉಪಾಹಾರ ಮಂದಿರಗಳ ದೈನಂದಿನ ವ್ಯವಹಾರಕ್ಕೆ ಈ ನೀರು ಒಂದು ಮೂಲ ಸಾಮಗ್ರಿ. ಹೀಗಾಗಿ ಶಿವನಸಮುದ್ರವು ನಗರದ ಆತಿಥ್ಯೋದ್ಯಮಕ್ಕೆ ದೂರದ ನೋಟದ ತಾಣ ಮಾತ್ರವಲ್ಲ, ಅದರ ಅಡುಗೆಮನೆಯ ನಲ್ಲಿಯೂ ಹೌದು.

ದಿನಯಾತ್ರೆಯ ಅರ್ಥಶಾಸ್ತ್ರ

ಶಿವನಸಮುದ್ರವು ಬೆಂಗಳೂರಿನಿಂದ ಸುಮಾರು 130 ಕಿಲೋಮೀಟರ್, ಮೈಸೂರಿನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ಈ ದೂರವೇ ಅದರ ಜನಪ್ರಿಯತೆಗೆ ಕಾರಣ. ಅದರ ಆರ್ಥಿಕ ಇತಿಮಿತಿಗೂ ಅದೇ ಕಾರಣ. ಪ್ರವಾಸೋದ್ಯಮದ ಅಧ್ಯಯನದಲ್ಲಿ ರಾತ್ರಿ ತಂಗುವ ಪ್ರವಾಸಿಯನ್ನೂ ಅದೇ ದಿನ ಮರಳುವ ಸಂದರ್ಶಕನನ್ನೂ ಪ್ರತ್ಯೇಕವಾಗಿ ಎಣಿಸುವ ಪದ್ಧತಿ ಇದೆ. ತಂಗುವವನು ಕೊಠಡಿಗೆ, ಎರಡು ಹೊತ್ತಿನ ಊಟಕ್ಕೆ, ಮರುದಿನದ ತಿಂಡಿಗೆ, ಸ್ಥಳೀಯ ಸಾರಿಗೆಗೆ ಹಣ ತೆರುತ್ತಾನೆ. ದಿನಯಾತ್ರಿಯ ವೆಚ್ಚದ ದೊಡ್ಡ ಭಾಗ ವಾಹನದ ಬಾಡಿಗೆಗೂ ಇಂಧನಕ್ಕೂ ಸಲ್ಲುತ್ತದೆ. ಇವೆರಡೂ ಹೊರಟ ಊರಿನಲ್ಲಿ ಅಥವಾ ಹೆದ್ದಾರಿಯ ಮೇಲೆ ಖರ್ಚಾಗುವ ಬಾಬತ್ತುಗಳು.

ಇಲ್ಲಿಯ ಧಾರ್ಮಿಕ ಯಾತ್ರೆಯ ಸ್ವರೂಪವೂ ಹೀಗೆಯೇ ಇದೆ. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಶ್ರೀರಂಗದ ಅಂತ್ಯರಂಗ ಈ ಮೂವರ ದರ್ಶನವನ್ನು ಒಂದೇ ದಿನದಲ್ಲಿ ಪಡೆಯುವುದು ಪುಣ್ಯಪ್ರದವೆಂಬ ನಂಬಿಕೆ ಪ್ರಚಲಿತವಾಗಿದೆ. ಆ ನಂಬಿಕೆಯಂತೆ ನಡೆಯುವ ಭಕ್ತನಿಗೆ ನಡುವಣ ಕ್ಷೇತ್ರದಲ್ಲಿ ನಿಲ್ಲಲು ವ್ಯವಧಾನವಿರುವುದಿಲ್ಲ.

ಸ್ಥಳದಲ್ಲಿ ಖರ್ಚಾದ ಹಣವೆಲ್ಲವೂ ಸ್ಥಳದಲ್ಲೇ ಉಳಿಯುವುದಿಲ್ಲ ಎಂಬುದೂ ಗಮನಾರ್ಹ. ಬಾಟಲಿ ನೀರು, ಪೊಟ್ಟಣದ ತಿಂಡಿಗಳನ್ನು ಕೊಂಡಾಗ ಮಾರುವವನಿಗೆ ಸಣ್ಣ ಲಾಭವಷ್ಟೇ ಉಳಿದು, ಬೆಲೆಯ ಹೆಚ್ಚಿನ ಪಾಲು ತಯಾರಿಕೆಯ ಊರಿಗೆ ಹಿಂದಿರುಗುತ್ತದೆ. ಇದನ್ನು ಅರ್ಥಶಾಸ್ತ್ರಜ್ಞರು ಸೋರಿಕೆ ಎನ್ನುತ್ತಾರೆ. ಎಳನೀರು, ಸೌತೆಕಾಯಿ, ಸುಟ್ಟ ಮುಸುಕಿನ ಜೋಳ, ನದಿಯ ಮೀನಿನ ಕರಿದ ತುಂಡು, ಹರಿಗೋಲಿನ ಸವಾರಿ ಇವುಗಳಿಗೆ ತೆತ್ತ ಹಣವಾದರೋ ರೈತ, ಬೆಸ್ತ, ಹರಿಗೋಲು ನಡೆಸುವವರ ಕೈ ಸೇರಿ, ಅಲ್ಲಿಂದ ಮಳವಳ್ಳಿ ಅಥವಾ ಕೊಳ್ಳೇಗಾಲದ ಸಂತೆಯಲ್ಲಿ ಮತ್ತೊಮ್ಮೆ ಖರ್ಚಾಗುತ್ತದೆ. ಗುಣಕವೆಂಬ ಪರಿಣಾಮ ಉಂಟಾಗುವುದು ಹೀಗೆ. ಆದ್ದರಿಂದ ಬಂದವರ ಸಂಖ್ಯೆಗಿಂತ, ಅವರು ಏನನ್ನು ಕೊಂಡರು, ಎಷ್ಟು ಹೊತ್ತು ನಿಂತರು ಎಂಬುದೇ ಊರಿನ ದೃಷ್ಟಿಯಿಂದ ಮುಖ್ಯ.

ಋತುವಿನ ಅಂಕೆ

ಜಲಪಾತದ ವ್ಯಾಪಾರವು ನದಿಯ ಹರಿವಿನಷ್ಟೇ ಅನಿಶ್ಚಿತವಾದದ್ದು. ಮುಂಗಾರು ಕೊಡಗಿನಲ್ಲಿಯೂ ಕಬಿನಿಯ ಜಲಾನಯನದಲ್ಲಿಯೂ ಚೆನ್ನಾಗಿ ಸುರಿದು, ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ನೀರು ಬಿಟ್ಟಾಗ ಗಗನಚುಕ್ಕಿ, ಭರಚುಕ್ಕಿಗಳು ಮೈದುಂಬುತ್ತವೆ. ಬೇಸಿಗೆಯಲ್ಲಿಯೂ ಮಳೆ ಸೋತ ವರ್ಷಗಳಲ್ಲಿಯೂ ಬಂಡೆಗಳೇ ಕಾಣುತ್ತವೆ. 1911ರಲ್ಲಿ ಕೃಷ್ಣರಾಜಸಾಗರದ ನಿರ್ಮಾಣವನ್ನು ಕೈಗೊಂಡಾಗ ಶಿವನಸಮುದ್ರದ ವಿದ್ಯುದುತ್ಪಾದನೆಗೆ ವರ್ಷವಿಡೀ ಸಮನಾದ ಹರಿವನ್ನು ಒದಗಿಸುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಹೀಗೆ ಜಲಪಾತದ ನೀರು ನೂರು ವರ್ಷಗಳಿಂದಲೂ ಮೇಲಿನ ಅಣೆಕಟ್ಟುಗಳ ಅಂಕೆಯಲ್ಲಿದೆ. ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪು ಮತ್ತು ಸುಪ್ರೀಂ ಕೋರ್ಟಿನ 2018ರ ತೀರ್ಪಿನ ಅನ್ವಯ ಬಿಳಿಗುಂಡ್ಲುವಿನಲ್ಲಿ ಅಳೆದುಕೊಡಬೇಕಾದ ನೀರಿನ ದೊಡ್ಡ ಭಾಗವೂ ಶಿವನಸಮುದ್ರವನ್ನು ದಾಟಿಯೇ ಇಳಿದುಹೋಗಬೇಕು.

ಇದರ ಆರ್ಥಿಕ ಅರ್ಥ ಸ್ಪಷ್ಟ. ವರ್ಷದ ಕೆಲವೇ ತಿಂಗಳ ವಾರಾಂತ್ಯಗಳಲ್ಲಿ ಜನಸಂದಣಿ, ಉಳಿದ ಕಾಲ ಬಿಡುವು. ಇಂಥ ವ್ಯಾಪಾರವನ್ನು ನೆಚ್ಚಿ ಖಾಯಂ ನೌಕರರನ್ನು ಇಟ್ಟುಕೊಳ್ಳುವುದು ಸಣ್ಣ ಬಂಡವಾಳದವರಿಗೆ ಕಷ್ಟ. ನೀರು ಹೆಚ್ಚಾದಾಗ ಸುರಕ್ಷತೆಯ ಕಾರಣದಿಂದ ಹರಿಗೋಲಿನ ಸಂಚಾರವನ್ನು ನಿಲ್ಲಿಸಬೇಕಾಗುತ್ತದೆ. ನೋಡುವವರು ಹೆಚ್ಚಾದ ದಿನಗಳಲ್ಲೇ ಹರಿಗೋಲಿನವರ ದುಡಿಮೆ ನಿಲ್ಲುವ ವೈಪರೀತ್ಯವೂ ಇಲ್ಲಿದೆ. 2024ರಲ್ಲಿ ನಡೆದ ಗಗನಚುಕ್ಕಿ ಜಲಪಾತೋತ್ಸವದಂಥ ಉತ್ಸವಗಳು ಜನರನ್ನು ಸಂಜೆಯವರೆಗೆ ನಿಲ್ಲಿಸುವ ಪ್ರಯತ್ನಗಳೆಂಬುದು ನಿಜ. ಆದರೆ ಉತ್ಸವವೂ ನೀರು ತುಂಬಿದ ಕಾಲದಲ್ಲೇ ನಡೆಯುವುದರಿಂದ ಋತುವಿನ ಅಸಮತೆ ಅದರಿಂದ ನೀಗುವುದಿಲ್ಲ.

ಮದ್ದೂರು ಮತ್ತು ಭೀಮೇಶ್ವರಿ: ಎರಡು ಹೋಲಿಕೆಗಳು

ಇದೇ ಜಿಲ್ಲೆಯ ಎರಡು ನಿದರ್ಶನಗಳು ಈ ಚರ್ಚೆಗೆ ಬೆಳಕು ನೀಡುತ್ತವೆ. ಮೊದಲನೆಯದು ಮದ್ದೂರು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ರಾಮಚಂದ್ರ ಬುಧ್ಯ ಎಂಬವರು ಮದ್ದೂರು ರೈಲು ನಿಲ್ದಾಣದಲ್ಲಿ ರೂಪಿಸಿದರೆಂದು ಪ್ರತೀತಿಯಿರುವ ಮದ್ದೂರು ವಡೆಯು ಊರಿನ ಹೆಸರನ್ನೇ ಸರಕಾಗಿಸಿತು. ಅಲ್ಲಿ ಇಳಿದು ನೋಡಬೇಕಾದ ತಾಣದ ಅಗತ್ಯವೇ ಇರಲಿಲ್ಲ. ಹಾದುಹೋಗುವವನ ಹಸಿವೇ ಬಂಡವಾಳವಾಯಿತು. ಆದರೆ ದಾರಿಯನ್ನು ನೆಚ್ಚಿದ ವ್ಯಾಪಾರವು ದಾರಿ ಬದಲಾದಾಗ ನಲುಗುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು ವಾಹನಗಳು ನಡುವಣ ಊರುಗಳೊಳಕ್ಕೆ ಇಳಿಯದೆಯೇ ದಾಟಿಹೋಗುವಂತೆ ಮಾಡಿತು. ಹಳೆಯ ರಸ್ತೆಯ ಉಪಾಹಾರ ಗೃಹಗಳು, ಚನ್ನಪಟ್ಟಣದ ಗೊಂಬೆ ಅಂಗಡಿಗಳು ಗಿರಾಕಿಗಳ ಕೊರತೆಯನ್ನು ಎದುರಿಸಬೇಕಾಯಿತು. ಪ್ರಯಾಣದಲ್ಲಿ ಉಳಿದ ಸಮಯದ ಲಾಭ ನಗರಗಳಿಗೆ ದೊರೆಯಿತು. ಅದರ ಬೆಲೆಯನ್ನು ದಾರಿಯ ಊರುಗಳು ತೆತ್ತವು.

ಎರಡನೆಯದು ಶಿವನಸಮುದ್ರದ ಕೆಳಗೆ, ಮಳವಳ್ಳಿ ತಾಲ್ಲೂಕಿನಲ್ಲೇ, ಮುತ್ತತ್ತಿಗೆ ಸಮೀಪದಲ್ಲಿರುವ ಭೀಮೇಶ್ವರಿ. ರಾಜ್ಯ ಸರ್ಕಾರದ ಒಡೆತನದ ಜಂಗಲ್ ಲಾಡ್ಜಸ್ ಸಂಸ್ಥೆ ಇಲ್ಲಿ ನಡೆಸಿದ ಮೀನುಗಾರಿಕಾ ಶಿಬಿರಕ್ಕೆ ಮಹಶೀರ್ ಮೀನನ್ನು ಗಾಳ ಹಾಕಿ ಹಿಡಿದು ಮರಳಿ ನದಿಗೆ ಬಿಡುವ ಹವ್ಯಾಸಿಗಳು ದೇಶವಿದೇಶಗಳಿಂದ ಬರುತ್ತಿದ್ದರು. ಅವರು ರಾತ್ರಿ ತಂಗುತ್ತಿದ್ದರು. ಹರಿಗೋಲು ನಡೆಸಲು, ಮೀನಿನ ಜಾಡು ತೋರಲು ಸ್ಥಳೀಯರ ನೆರವು ಅವರಿಗೆ ಅನಿವಾರ್ಯವಾಗಿತ್ತು. ನದಿಯನ್ನು ಬಲ್ಲ ಬೆಸ್ತನ ಅರಿವಿಗೇ ಇಲ್ಲಿ ಕೂಲಿ ದೊರೆಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಟ್ಟುನಿಟ್ಟಿನ ಅನ್ವಯದಿಂದ ಅಭಯಾರಣ್ಯದೊಳಗಿನ ಈ ಹವ್ಯಾಸ ಮುಂದೆ ನಿಂತುಹೋಯಿತು. ಕಾವೇರಿ ಕಣಿವೆಯ ಈ ಮಹಶೀರ್ ಪ್ರಭೇದವನ್ನು 2018ರಲ್ಲಿ ತೀವ್ರ ಅಪಾಯದಂಚಿನ ಜೀವಿಯೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿರುವುದನ್ನು ನೋಡಿದರೆ ಎಚ್ಚರಿಕೆ ಅಗತ್ಯವೆಂಬುದು ವೇದ್ಯ. ಆದರೂ ಸಣ್ಣ ಸಂಖ್ಯೆಯ, ಹೆಚ್ಚು ಹೊತ್ತು ನಿಲ್ಲುವ ಅತಿಥಿಯು ಸ್ಥಳೀಯ ದುಡಿಮೆಯೊಂದಿಗೆ ಹೇಗೆ ಬೆಸೆದುಕೊಳ್ಳಬಲ್ಲನೆಂಬುದಕ್ಕೆ ಭೀಮೇಶ್ವರಿ ಒಂದು ದೃಷ್ಟಾಂತವಾಗಿ ಉಳಿಯುತ್ತದೆ.

ಒಂದು ನದಿ, ಎರಡು ಜಿಲ್ಲೆ

ಶಿವನಸಮುದ್ರದ ಪಾಲು ಚದುರಿಹೋಗಲು ಆಡಳಿತದ ಗಡಿಯೂ ಒಂದು ಕಾರಣ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದು ಕಾವೇರಿಯ ಕವಲು ಎರಡು ಸರ್ಕಾರಗಳ ಎಲ್ಲೆಯಾಗಿತ್ತು. ಇಂದಿಗೂ ಗಗನಚುಕ್ಕಿಯ ವೀಕ್ಷಣಾ ಗೋಪುರ ಮತ್ತು ವಿದ್ಯುದಾಗಾರಗಳು ಮಂಡ್ಯ ಜಿಲ್ಲೆಯಲ್ಲಿಯೂ ಭರಚುಕ್ಕಿ ಹಾಗೂ ಮಧ್ಯರಂಗ ದೇವಾಲಯಗಳು 1997ರಲ್ಲಿ ರಚನೆಯಾದ ಚಾಮರಾಜನಗರ ಜಿಲ್ಲೆಯಲ್ಲಿಯೂ ಇವೆ. ಇದರ ಜೊತೆಗೆ ಅರಣ್ಯ, ವಿದ್ಯುತ್, ಮುಜರಾಯಿ, ಪ್ರವಾಸೋದ್ಯಮ ಹೀಗೆ ಹಲವು ಇಲಾಖೆಗಳ ಅಧಿಕಾರ ವ್ಯಾಪ್ತಿಗಳು ಇಲ್ಲಿ ಕೂಡುತ್ತವೆ. ಒಬ್ಬನೇ ಸಂದರ್ಶಕ ಎರಡೂ ಜಲಪಾತಗಳನ್ನು ನೋಡಿದರೆ ಎರಡು ಜಿಲ್ಲೆಗಳ ಲೆಕ್ಕದಲ್ಲಿಯೂ ಸೇರಬಹುದು. ಆದರೆ ಅವನು ತಂಗಿದ ರಾತ್ರಿ ಮೈಸೂರಿನ ಲೆಕ್ಕಕ್ಕೆ ಹೋಗುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಹೊರಡುವ ನಿಲುವು ಇಷ್ಟು. ಶಿವನಸಮುದ್ರವು ಮೊದಲು ಗಣಿಗೆ, ಬಳಿಕ ನಗರಕ್ಕೆ ಬೆಳಕನ್ನೂ ನೀರನ್ನೂ ಕೊಟ್ಟಿತು. ನಗರವು ಪ್ರತಿಯಾಗಿ ಕಳುಹಿಸುತ್ತಿರುವುದು ಹೆಚ್ಚಾಗಿ ದಿನಯಾತ್ರಿಗಳನ್ನು. ಈ ವಿನಿಮಯದಲ್ಲಿ ಊರಿನ ಪಾಲು ಹೆಚ್ಚಬೇಕಾದರೆ ಸಂದರ್ಶಕರ ಸಂಖ್ಯೆಯನ್ನು ಏರಿಸುವುದೊಂದೇ ದಾರಿಯಲ್ಲ. ಅಭಯಾರಣ್ಯದ ಸೂಕ್ಷ್ಮ ಪರಿಸರದಲ್ಲಿ ಅದು ಒಳ್ಳೆಯ ದಾರಿಯೂ ಅಲ್ಲ.

2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರ, ಮರಳಿನ ತಲಕಾಡು, ಶಿವನಸಮುದ್ರ, ಮುತ್ತತ್ತಿ ಇವು ಒಂದೇ ನದಿಯ ಆಸುಪಾಸಿನ ತಾಣಗಳು. ಇವುಗಳನ್ನು ಎರಡು ದಿನಗಳ ಒಂದು ಯಾತ್ರೆಯಾಗಿ ಹೆಣೆದು, ವಸತಿಯನ್ನು ಕಾಡಿನೊಳಗೆ ಕಟ್ಟದೆ ಮಳವಳ್ಳಿ, ಕೊಳ್ಳೇಗಾಲ ಪಟ್ಟಣಗಳಲ್ಲಿಯೂ ಸುತ್ತಣ ಹಳ್ಳಿಗಳ ಮನೆಗಳಲ್ಲಿಯೂ ಬೆಳೆಸಿದರೆ, ನೀರಿಲ್ಲದ ತಿಂಗಳುಗಳಿಗೂ ವ್ಯಾಪಾರ ಹರಡಬಹುದು. ಮಂಡ್ಯದ ಬೆಲ್ಲ, ಕೊಳ್ಳೇಗಾಲದ ರೇಷ್ಮೆ ಮುಂತಾದ ಸ್ಥಳೀಯ ಸರಕುಗಳಿಗೆ ತಾಣದಲ್ಲೇ ಮಾರಾಟದ ಅವಕಾಶವಿದ್ದರೆ ಸೋರಿಕೆ ತಗ್ಗುತ್ತದೆ. ಎರಡು ಜಿಲ್ಲೆಗಳೂ ಸೇರಿ ಒಂದೇ ಲೆಕ್ಕವಿಟ್ಟು, ತಲೆಗಳ ಎಣಿಕೆಗೆ ಬದಲಾಗಿ ತಂಗಿದ ರಾತ್ರಿಗಳನ್ನೂ ಸ್ಥಳೀಯ ಖರೀದಿಯನ್ನೂ ದಾಖಲಿಸುವುದು ಇದಕ್ಕೆ ಮೊದಲ ಹೆಜ್ಜೆಯಾದೀತು. ನಗರದ ಆತಿಥ್ಯೋದ್ಯಮದ ಲಾಭವನ್ನು ಅಳೆಯುವ ಮುಂದಿನ ಅಧ್ಯಯನಗಳು, ಅದಕ್ಕೆ ನೀರೆರೆದ ಊರುಗಳ ಲೆಕ್ಕವನ್ನೂ ಅದರ ಪಕ್ಕದಲ್ಲೇ ಬರೆದಿಡುವುದು ಅವಶ್ಯ.